ಸುಲ್ತಾನನ ಮೇಲೆ ಬಂದ ಆಪಾದನೆ

ಪ್ವೆಬ್ಲಾ ಊರಿನಲ್ಲಿ ಬಿರುದಿಲ್ಲದ ಮನುಷ್ಯ ಸಿಗುವುದು ಕಷ್ಟ. ಟೈ ಕಟ್ಟಿದವನು ವಕೀಲ, ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡವನು ಇಂಜಿನಿಯರು, ಒಂದೇ ಮಾತನ್ನು ಮೂರು ಸಲ ಹೇಳುವವನು ಮೇಷ್ಟ್ರು. ಹೀಗಿರುವಾಗ ಮೂವತ್ತೊಂದು ವರ್ಷ ಬಿಳಿ ಕೋಟು ತೊಟ್ಟು ಓಡಾಡಿದ ದೋನ್ ಅಬುಂದಿಯೋ ಅವರನ್ನು ಪಾರಿವಾಳ ವಠಾರದ ಆರು ಮನೆಯವರೂ ‘ಕೀಮಿಕೋ’, ಅಂದರೆ ರಸಾಯನಶಾಸ್ತ್ರದ ಪಂಡಿತರು, ಎಂದು ಕರೆಯುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆ ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸವೆಂದರೆ, ಆಸ್ಪತ್ರೆಗಳಿಂದ ಮೂತ್ರದ ಶೀಶೆಗಳನ್ನು ಸೈಕಲ್ಲಿನ ಹಿಂದಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ತಂದು ಪ್ರಯೋಗಾಲಯದ ಮೂರನೆಯ ಕಿಟಕಿಗೆ ತಲುಪಿಸುವುದು. ಈ ಸಣ್ಣ ವಿವರವನ್ನು ಅವರು ವಠಾರದಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಅವರಿಗೆ ಒಂದು ಗಾಜಿನ ತೊಟ್ಟಿಯನ್ನೂ, ಬಾಲವನ್ನು ರೇಷ್ಮೆ ಲಂಗದ ಹಾಗೆ ಬೀಸುವ ಐದು ಹೊನ್ನಿನ ಮೀನುಗಳನ್ನೂ ಕೊಟ್ಟರು. ಆ ಮೀನಿಗೆ ಆ ಕಡೆ ನರ್ತಕಿ ಎಂದೇ ಹೆಸರು. ಅಬುಂದಿಯೋ ಅವುಗಳನ್ನು ಹೆತ್ತ ಮಕ್ಕಳ ಹಾಗೆ ನೋಡಿಕೊಂಡರು. ಭಾನುವಾರ ಭಾನುವಾರ ತೊಟ್ಟಿಯ ನೀರಿನಲ್ಲಿ ಅರ್ಧ ತೆಗೆದು ಹೊಸ ನೀರು ತುಂಬುವರು. ಹೊಸ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದು ಅಂಗಳದಲ್ಲಿ ಇಡುವರು. ಬಿಸಿಲಿಗೂ ಗಾಳಿಗೂ ಅದರೊಳಗಿನ ಕ್ಲೋರಿನ್ ಹಾರಿಹೋಗುತ್ತದೆ ಎಂದು ಮೀನು ಮಾರುವವನು ಹೇಳಿಕೊಟ್ಟಿದ್ದ. ಎರಡು ವರ್ಷ ಹಾಗೇ ಹಾರಿಹೋಗುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಭಾನುವಾರ ಅದು ಹಾರಿಹೋಗಲಿಲ್ಲ. ನೀರು ಬದಲಾಯಿಸಿದ ಸ್ವಲ್ಪ ಹೊತ್ತಿಗೆಲ್ಲ ನರ್ತಕಿಯರು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದರು. ಸೋಮವಾರ ಬೆಳಿಗ್ಗೆ ಎರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹೆಂಡತಿ ಚೋಲೆ ಅವನ್ನು ಜೆರೇನಿಯಂ ಕುಂಡದಲ್ಲಿ ಹೂತು, ಕೈ ತೊಳೆದುಕೊಂಡು ಬಂದು ಹೇಳಿದಳು:

“ನಾನು ಏನೂ ಹೇಳಲ್ಲ. ಉಳಿದಿರೋ ಮೂರಕ್ಕಾದ್ರೂ ನಿಮ್ಮ ವಿದ್ಯೆ ತೋರಿಸ್ಬೇಡಿ, ಅಷ್ಟೇ.”

ಅಬುಂದಿಯೋ ಪೇಟೆಗೆ ಹೋದರು. ಮೀನು ಮಾರುವವನು ಕತೆಯೆಲ್ಲ ಕೇಳಿ ಒಂದು ಪುಟ್ಟ ಡಬ್ಬ ಕೊಟ್ಟ. ಅದರಲ್ಲಿ ಒಂದು ಗಾಜಿನ ನಳಿಕೆ, ಎರಡು ಸೀಸೆ ಔಷಧಿ, ಒಂದು ಬಣ್ಣದ ಚೀಟಿ. ನೀರಿಗೆ ಎಂಟೆಂಟು ಹನಿ ಹಾಕಿ ಐದು ನಿಮಿಷ ಕಾಯಬೇಕು. ಹಳದಿ ಬಂದರೆ ಕ್ಷೇಮ, ಹಸಿರು ಬಂದರೆ ಅಮೋನಿಯಾ. ಮನೆಗೆ ಬಂದವರೇ ಅಬುಂದಿಯೋ ಬೀರುವಿನಿಂದ ಬಿಳಿ ಕೋಟು ತೆಗೆದು ತೊಟ್ಟರು. ಇಷ್ಟು ವರ್ಷಕ್ಕೆ ಮೊದಲ ಬಾರಿ ಶೀಶೆಯೊಳಗೆ ಇರುವುದನ್ನು ತಾವೇ ಪರೀಕ್ಷೆ ಮಾಡುವ ಯೋಗ ಬಂದಿತ್ತು. ತೊಟ್ಟಿಯ ನೀರು ಹಸಿರಾಯಿತು. ಅಡಿಗೆಮನೆಯ ನಲ್ಲಿಯಿಂದ ಹಿಡಿದ ನೀರು ಟೊಮೇಟೊ ಕಾಯಿ ಚಟ್ನಿಯಷ್ಟು ಹಸಿರಾಯಿತು.

ಅವರು ನಳಿಕೆಯನ್ನು ದೀಪದಂತೆ ಎತ್ತಿ ಹಿಡಿದುಕೊಂಡು ಅಂಗಳಕ್ಕೆ ಓಡಿದರು.

“ದೋನ್ಯಾ ರೆಮೆದಿಯೋಸ್! ನಲ್ಲಿ ನೀರಲ್ಲಿ ಅಮೋನಿಯಾ ಇದೆ!”

ದೋನ್ಯಾ ರೆಮೆದಿಯೋಸ್ ಎಂದರೆ ವಠಾರದ ಬಾಗಿಲಿನ ಬೀಗದ ಕೈ, ತಾರಸಿಯ ಬೀಗದ ಕೈ ಮತ್ತು ಎಲ್ಲರ ಮನೆಯ ಸಮಾಚಾರ, ಮೂರನ್ನೂ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡಿದ್ದ ಹೆಂಗಸು. ಆಕೆ ಪೊರಕೆ ನಿಲ್ಲಿಸಿ ಕೇಳಿದಳು:

“ಅದೇನ್ರೀ ಅದು ಅಮೋನಿಯಾ? ಎಲ್ಲಿರುತ್ತೆ?”

ನಿಜವಾದ ಪಂಡಿತರಾಗಿದ್ದರೆ ಇಲ್ಲಿ ಒಂದು ಕ್ಷಣ ತಡೆಯುತ್ತಿದ್ದರು. ಅಬುಂದಿಯೋಗೆ ಅಮೋನಿಯಾದ ವಿಷಯದಲ್ಲಿ ಗೊತ್ತಿದ್ದದ್ದು ಒಂದೇ ಸಂಗತಿ. ಬಿರುಬೇಸಗೆಯಲ್ಲಿ ಸೈಕಲ್ಲಿನ ಪೆಟ್ಟಿಗೆ ತೆಗೆದಾಗ ಮೂಗಿಗೆ ಬಡಿಯುತ್ತಿದ್ದದ್ದು ಅದೇ ಎಂದು ಯಾರೋ ಹೇಳಿದ್ದರು.

“ಮೂತ್ರದಲ್ಲಿ ಇರುತ್ತೆ ಕಣಮ್ಮಾ,” ಎಂದರು. “ಹಳೇ ಮೂತ್ರದ ಜೀವಾಳವೇ ಅದು.”

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದೊಡ್ಡ ಹಂಡೆ ತಿಕ್ಕುತ್ತಿದ್ದ ಲೆಂಚೋ ಎದ್ದು ನಿಂತ. ಅವನು ಮೂಲೆಯಲ್ಲಿ ಆತೋಲೆ ಎನ್ನುವ ಬಿಸಿ ಜೋಳದ ಗಂಜಿ ಮಾರುವವನು.

“ದೇವರ ತಾಯೀ! ಬೆಳಿಗ್ಗೆ ಮೂವತ್ತು ಲೀಟರ್ ಗಂಜಿ ಕುಡಿಸಿದ್ದೀನಲ್ಲಪ್ಪಾ ಜನಕ್ಕೆ! ನಾಲ್ಕು ದಿನದಿಂದ ಎಲ್ಲರೂ ರುಚಿಯಾಗಿದೆ ರುಚಿಯಾಗಿದೆ ಅಂತಿದ್ರು!”

ಆಮೇಲೆ ಅಂಗಳದಲ್ಲಿ ಇದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು. ಆರೂ ಮನೆಗೆ ನೀರು ಬರುತ್ತಿದ್ದದ್ದು ತಾರಸಿಯ ಮೇಲಿನ ಕರಿಯ ತೊಟ್ಟಿಯಿಂದ. ಆ ತೊಟ್ಟಿಯ ಪಕ್ಕದಲ್ಲಿ, ಮುಂಗಾಲುಗಳನ್ನು ಗೋಡೆಯ ಮೇಲಿಟ್ಟುಕೊಂಡು, ಕೆಳಗೆ ಏನು ಗಲಾಟೆ ಎಂದು ನ್ಯಾಯಾಧೀಶನ ಹಾಗೆ ನೋಡುತ್ತಿತ್ತು ಸುಲ್ತಾನ್. ಆ ಊರಿನಲ್ಲಿ ಮನೆಗೊಂದು ತಾರಸಿ, ತಾರಸಿಗೊಂದು ನಾಯಿ.

“ಅವನೇ!” ಎಂದ ಲೆಂಚೋ.

ಸುಲ್ತಾನನ ಯಜಮಾನಿ ದೋನ್ಯಾ ಮಿಕಾ ಹುಡುಗಿಯರ ಹಬ್ಬದ ಲಂಗಗಳನ್ನು ಹೊಲಿಯುವ ಮುದುಕಿ. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಹೊರಗೆ ಬಂದಳು. ಅವನ್ನು ತೆಗೆದು ಅಂಗಿಯ ಎದೆಗೆ ಚುಚ್ಚಿಕೊಂಡು ಹೇಳಿದಳು:

“ಅವನು ಮಾನವಂತ ಕಣ್ರಪ್ಪಾ. ಗ್ಯಾಸ್ ಸಿಲಿಂಡರಿನ ಹಿಂದೆ ಬಿಟ್ಟು ಬೇರೆ ಕಡೆ ಕಾಲೆತ್ತಿದವನಲ್ಲ. ಅದೂ ಯಾರೂ ನೋಡ್ತಿಲ್ಲ ಅಂತ ಖಾತ್ರಿ ಆದ ಮೇಲೆ. ಹನ್ನೆರಡು ವರ್ಷ ವಯಸ್ಸು, ಕಾಲು ಕುಂಟು. ಆಳೆತ್ತರದ ತೊಟ್ಟಿ ಹೆಂಗೆ ಹತ್ತುತ್ತಾನೆ?”

“ಸಿಲಿಂಡರ್ ಮೇಲೆ ಹಾರಿ, ಅಲ್ಲಿಂದ ತೊಟ್ಟಿ ಮೇಲೆ,” ಎಂದ ಲೆಂಚೋ. “ಅಭಿಮಾನ ಇರೋ ನಾಯಿ ಏನು ಬೇಕಾದ್ರೂ ಮಾಡುತ್ತೆ.”

“ಮುಚ್ಚಳ ಬೇರೆ ಬಿರುಕು ಬಿಟ್ಟಿದೆ,” ಎಂದಳು ರೆಮೆದಿಯೋಸ್. “ಕೀಮಿಕೋ, ನೀವೇ ಹೇಳಿಬಿಡಿ. ಇದು ಮನುಷ್ಯರದಾ, ನಾಯೀದಾ?”

ಎಲ್ಲರೂ ಅವರ ಕಡೆ ತಿರುಗಿದರು. ಬದುಕಿನಲ್ಲಿ ಹೀಗೆ ಎಂಟು ಜನ ಒಟ್ಟಿಗೆ ಅವರ ಅಭಿಪ್ರಾಯಕ್ಕೆ ಕಾದದ್ದು ಇದೇ ಮೊದಲು. ಅಬುಂದಿಯೋ ನಳಿಕೆಯನ್ನು ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನಿಜವಾದ ಪಂಡಿತರು ಮಾಡುತ್ತಿದ್ದದ್ದನ್ನು ಕಿಟಕಿಯಿಂದ ನೋಡಿದ್ದ ಹಾಗೆಯೇ ಮಾಡಿದರು.

“ಹಸಿರಿನ ಗಾಢತೆ ನೋಡಿದ್ರೆ,” ಎಂದರು ನಿಧಾನವಾಗಿ, “ಇದು ನಾಲ್ಕು ಕಾಲಿನದು.”

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಪಾಂಡಿತ್ಯ ಒಮ್ಮೆ ಹರಿಯಲು ಶುರುವಾದರೆ ನಿಲ್ಲುವುದು ಕಷ್ಟ. ಮಧ್ಯಾಹ್ನ ದೊಡ್ಡದೊಂದು ಹಾಳೆಯಲ್ಲಿ ‘ಎಚ್ಚರಿಕೆ! ನೀರಿನಲ್ಲಿ ಅಮೋನಿಯಾ. ಮೂಲ ಪತ್ತೆಯಾಗಿದೆ’ ಎಂದು ಕೆಂಪಕ್ಷರದಲ್ಲಿ ಬರೆದು, ಕೆಳಗೆ ‘ಕೀಮಿಕೋ ಅಬುಂದಿಯೋ’ ಎಂದು ರುಜು ಹಾಕಿ, ವಠಾರದ ಹೆಬ್ಬಾಗಿಲಿಗೆ ಅಂಟಿಸಿಬಂದರು.

ಮಂಗಳವಾರ ಅಂಗಳದಲ್ಲಿ ಸಭೆ. ಎಲ್ಲರೂ ತಂತಮ್ಮ ಕುರ್ಚಿ ತಂದು ಕೂತರು. ರೆಮೆದಿಯೋಸಳ ಸೋದರಸಂಬಂಧಿಯೊಬ್ಬನಿಗೆ ಅಮೋಸೋಕ್ ಎಂಬ ಪಕ್ಕದ ಊರಿನಲ್ಲಿ ಇಟ್ಟಿಗೆ ಗೂಡು ಇತ್ತು. ಶನಿವಾರ ಮಧ್ಯಾಹ್ನ ಅವನ ಲಾರಿ ಬರುತ್ತದೆ, ಸುಲ್ತಾನನನ್ನು ಕರೆದುಕೊಂಡು ಹೋಗುತ್ತದೆ ಎಂದು ತೀರ್ಮಾನವಾಯಿತು.

“ವಿಶಾಲವಾದ ಜಾಗ ಕಣ್ರೀ,” ಎಂದಳು ರೆಮೆದಿಯೋಸ್, ಮಿಕಾಳ ಮುಖ ನೋಡದೆ. “ಕಾವಲು ಕೆಲಸ. ಒಂಥರಾ ಬಡ್ತಿ ಸಿಕ್ಕ ಹಾಗೆ.”

ಮಿಕಾ ಜಗಳವಾಡಲಿಲ್ಲ. ಮಡಿಲಿನ ದಾರದ ಉಂಡೆ ಸುತ್ತುತ್ತಾ ಒಂದೇ ಪ್ರಶ್ನೆ ಕೇಳಿದಳು.

“ಗುಡುಗು ಬಂದಾಗ ಅಲ್ಲಿ ಅವನನ್ನ ಮಂಚದ ಕೆಳಗೆ ಬಿಟ್ಕೊಳ್ತಾರಾ?”

ಎಲ್ಲರಿಗೂ ಏಕಕಾಲದಲ್ಲಿ ಒಲೆಯ ಮೇಲೆ ಏನೋ ಇಟ್ಟುಬಂದದ್ದು ನೆನಪಾಯಿತು.

ಅಷ್ಟರಲ್ಲಿ ಸುದ್ದಿ ಬೀದಿಯ ಮೂಲೆ ತಲುಪಿತ್ತು. ಲೆಂಚೋ ತನ್ನ ವ್ಯಾಪಾರ ಮುಳುಗಿತೆಂದೇ ತಿಳಿದಿದ್ದ. ಆದರೆ ಬುಧವಾರ ಬೆಳಿಗ್ಗೆ ಸಾಲು ಎರಡರಷ್ಟಾಗಿತ್ತು. “ಒಂದು ಲೋಟ ಸುಲ್ತಾನಿ ಕೊಡಪ್ಪಾ!” ಎಂದು ಕೂಗುವುದಕ್ಕಾಗಿಯೇ ಎರಡು ಬೀದಿ ಆಚೆಯಿಂದ ಜನ ಬರತೊಡಗಿದ್ದರು. “ನಂಗೆ ದಾಲ್ಚಿನ್ನಿ ಜಾಸ್ತಿ, ನಾಯಿ ಕಮ್ಮಿ!” ಎಂದ ಒಬ್ಬ ಬಸ್ ಡ್ರೈವರು. ಅಂದು ಗಂಜಿ ಬಾಟಲಿ ನೀರಿನದು ಎಂದು ಲೆಂಚೋ ಆಣೆ ಇಟ್ಟು ಹೇಳಿದರೂ ನಂಬುವವರಿರಲಿಲ್ಲ. ಅವನಿಗೆ ಅಳಬೇಕೋ ಇನ್ನೊಂದು ಹಂಡೆ ಇಡಬೇಕೋ ತಿಳಿಯಲಿಲ್ಲ. ಕೊನೆಗೆ ಇನ್ನೊಂದು ಹಂಡೆ ಇಟ್ಟ.

ಅದೇ ಸಂಜೆ ಅಬುಂದಿಯೋರ ಬಾಗಿಲು ಬಡಿದ ಸದ್ದಾಯಿತು. ತೆಗೆದು ನೋಡಿದರೆ ದೋನ್ಯಾ ಮಿಕಾ, ಕೈಯಲ್ಲಿ ಒಂದು ಬಕೆಟ್ಟು ನೀರು. ಧೂಳು ಬೀಳದಿರಲೆಂದು ಮೇಲೆ ಕಸೂತಿ ಹಾಕಿದ ಬಟ್ಟೆ ಮುಚ್ಚಿದ್ದಳು.

“ಎರಡು ಮೀನು ಹೋದವಂತೆ. ಚೋಲೆ ಹೇಳಿದ್ಲು,” ಎಂದಳು. “ಇದು ಗೇಟಿನ ಹತ್ತಿರದ ನಲ್ಲೀದು. ಬೀದಿಯಿಂದ ಸೀದಾ ಬರುತ್ತೆ, ತಾರಸಿ ಹತ್ತಿದ್ದಲ್ಲ. ನಮ್ಮ ಸುಲ್ತಾನ್ ಇದರ ಹತ್ತಿರಾನೂ ಸುಳಿದಿಲ್ಲ. ಉಳಿದ ಮೂರಕ್ಕೆ ಹಾಕಿ.”

ಬಕೆಟ್ಟು ಇಳಿಸಿ, ಮಂಡಿ ನೀವಿಕೊಂಡು, ಬಟ್ಟೆಯನ್ನು ಆಮೇಲೆ ಕೊಟ್ಟರೆ ಸಾಕು ಎಂದು ಹೊರಟುಹೋದಳು. ಅಬುಂದಿಯೋಗೆ ಅಂದು ಊಟ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಆ ನೀರನ್ನು ಮೀನಿಗೆ ಹಾಕುವ ಮೊದಲು, ಸುಮ್ಮನೆ ಇರಲಿ ಎಂದು, ನಳಿಕೆಗೆ ಎಂಟೆಂಟು ಹನಿ ಹಾಕಿದರು. ಐದು ನಿಮಿಷ ಕಾದರು. ಹಸಿರು. ನಳಿಕೆ ತೊಳೆದು ಮತ್ತೊಮ್ಮೆ ಮಾಡಿದರು. ಅದೇ ಹಸಿರು, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸುಲ್ತಾನ್ ಎಷ್ಟೇ ಅಭಿಮಾನದ ನಾಯಿಯಾದರೂ ಬೀದಿಯಡಿಯ ಪೈಪಿನೊಳಗೆ ಇಳಿಯುವಂತಿರಲಿಲ್ಲ.

ಈ ಸಂಗತಿಯನ್ನು ಹೇಳಲು ರೆಮೆದಿಯೋಸಳ ಬಾಗಿಲಿಗೆ ಹನ್ನೆರಡು ಹೆಜ್ಜೆ ನಡೆದರೆ ಸಾಕಿತ್ತು. ಆದರೆ ಹೇಳಿದರೆ, “ಮತ್ತೆ ನಾಲ್ಕು ಕಾಲು ಅಂದ್ರಲ್ಲ?” ಎಂದು ಆಕೆ ಕೇಳುವಳು. ಅದರಾಚೆಯ ಪ್ರಶ್ನೆಗಳೂ ಬರುವವು. ಆದ್ದರಿಂದ ಅಬುಂದಿಯೋ ಬಸ್ಸು ಹತ್ತಿ ಊರಿನ ಆ ತುದಿಯಲ್ಲಿದ್ದ ನೀರಿನ ಕಚೇರಿಗೆ ಹೋದರು. ಸರ್ಕಾರವೇ ಮೊಹರು ಹಾಕಿ ‘ಬೀದಿಯ ನೀರಿನಲ್ಲೇ ಅಮೋನಿಯಾ ಇದೆ’ ಎಂದು ಕಾಗದ ಕೊಟ್ಟರೆ ನಾಯಿಯೂ ಉಳಿಯುತ್ತದೆ, ಕೋಟೂ ಉಳಿಯುತ್ತದೆ. ಮಿಕಾ ಕೊಟ್ಟ ನೀರನ್ನು ತುಂಬಲು ಅವರ ಮನೆಯಲ್ಲಿದ್ದದ್ದು ಒಂದೇ ಬಗೆಯ ಶೀಶೆ: ಅಗಲ ಬಾಯಿ, ಬಿಳಿ ಮುಚ್ಚಳ, ಹೆಸರು ಬರೆಯಲು ಚೀಟಿ.

ಕಚೇರಿಯ ಗುಮಾಸ್ತ ಶೀಶೆಯನ್ನು ನೋಡಿದ, ಅವರ ಮುಖ ನೋಡಲಿಲ್ಲ.

“ತಾತ, ಅದನ್ನೆಲ್ಲಾ ಇಲ್ಲಿ ತಗೊಳ್ಳಲ್ಲ. ಪಕ್ಕದ ಕಟ್ಟಡ, ಮೂರನೇ ಕಿಟಕಿ. ಹತ್ತು ಗಂಟೆ ಒಳಗೆ ಹೋಗಿ.”

“ಇದು ನೀರು ಕಣಪ್ಪಾ.”

“ಎಲ್ಲರೂ ಹಂಗೇ ಅಂತಾರೆ. ನಾಚ್ಕೋಬೇಡಿ, ಹೋಗಿ.”

ಮೂವತ್ತೊಂದು ವರ್ಷ ಶೀಶೆ ಹಿಡಿದು ಮೂರನೆಯ ಕಿಟಕಿಗೆ ನಡೆದ ಕಾಲುಗಳು. ‘ಮೂರನೇ ಕಿಟಕಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಯಜಮಾನರನ್ನು ಕೇಳದೆಯೇ ಹೊರಟವು. ದಾರಿಯಲ್ಲಿ ಅವರಿಗೂ ಅನ್ನಿಸಿತು: ಮೊಹರು ಯಾರದಾದರೇನು, ಪ್ರಯೋಗಾಲಯದ್ದಾದರೆ ಇನ್ನೂ ವಾಸಿಯೇ. ಅದು ಅವರ ಹಳೆಯ ಪ್ರಯೋಗಾಲಯವಲ್ಲ; ಕಿಟಕಿಯೊಳಗಿನ ಅಪರಿಚಿತ ಹೆಂಗಸು ಹೆಸರು ಕೇಳಿದಳು, ಹೇಳಿದರು. ಫೋನ್ ನಂಬರ್ ಕೇಳಿದಳು, ಚೋಲೆಯದನ್ನು ಕೊಟ್ಟರು. “ಇದರಲ್ಲಿ ಏನೇನಿದೆ ಅಂತ ಎಲ್ಲಾ ನೋಡ್ಬೇಕು,” ಎಂದರು. “ನೋಡ್ತಾರೆ, ನೋಡ್ತಾರೆ,” ಎಂದಳು ಆಕೆ.

ಶುಕ್ರವಾರ ಹನ್ನೊಂದು ಗಂಟೆಗೆ ಚೋಲೆಯ ಫೋನು ಬಡಿದುಕೊಂಡಾಗ ಆಕೆ ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕೈಯೆಲ್ಲ ಸೋಪು. ರೆಮೆದಿಯೋಸ್ ಉಪಕಾರಕ್ಕೆಂದು ಫೋನಿನ ಸ್ಪೀಕರ್ ಒತ್ತಿದಳು.

“ದೋನ್ ಅಬುಂದಿಯೋ ಅವರ ಮನೆಯವರಾ? ಗಾಬರಿ ಆಗ್ಬೇಡಿ. ಡಾಕ್ಟರು ಸೋಮವಾರವೇ ಅವರನ್ನ ನೋಡ್ಬೇಕಂತೆ. ಇಷ್ಟು ವರ್ಷದ ಅನುಭವದಲ್ಲಿ ಇಂಥ ಮೂತ್ರ ನೋಡಿಲ್ಲವಂತೆ. ಬಣ್ಣ ಇಲ್ಲ, ಉಪ್ಪಿಲ್ಲ, ಏನೂ ಇಲ್ಲ. ಮೇಡಂ, ನಿಮ್ಮ ಯಜಮಾನರು ನಡೆದಾಡ್ತಿದ್ದಾರಾ?”

ಚೋಲೆ ಕೈಯಲ್ಲಿದ್ದ ಅಂಗಿ ಬಿಟ್ಟಳು. ರೆಮೆದಿಯೋಸ್ ಹಣೆ, ಎದೆ, ಭುಜ ಮುಟ್ಟಿ ಶಿಲುಬೆ ಗುರುತು ಮಾಡಿಕೊಂಡು, ಎಲ್ಲವನ್ನೂ ತಲೆಯೊಳಗೆ ಕೂಡಿಸಿ ಕಳೆದು, ತೀರ್ಪು ಕೊಟ್ಟಳು:

“ನಲ್ಲೀಲಿ ಮೂತ್ರ ಬರ್ತಿದೆ, ಕೀಮಿಕೋಗೆ ನೀರು ಬರ್ತಿದೆ. ಎಲ್ಲೋ ಪೈಪು ಅದಲುಬದಲಾಗಿದೆ ಕಣ್ರೀ!”

ಅರ್ಧ ಗಂಟೆಯಲ್ಲಿ ಅಬುಂದಿಯೋ ಹಾಸಿಗೆಯ ಮೇಲಿದ್ದರು, ಗಲ್ಲದವರೆಗೂ ಕಂಬಳಿ. “ನನಗೇನೂ ಆಗಿಲ್ಲ,” ಎಂದಷ್ಟೂ ಜನ “ಪಾಪ, ಧೈರ್ಯವಂತರು” ಎಂದರು. ಒಂದೊಂದು ಮನೆಯಿಂದ ಒಂದೊಂದು ಬಟ್ಟಲು ಕೋಳಿ ಸಾರು ಬಂತು. ಲೆಂಚೋ ಬಿಟ್ಟಿಯಾಗಿ ಒಂದು ಲೋಟ ಗಂಜಿ ತಂದ. “ಬಾಟಲಿ ನೀರಿಂದು, ನಿಮ್ಮ ಮೇಲಾಣೆ,” ಎಂದು ಪಿಸುಗುಟ್ಟಿದ. ಎಲ್ಲರಿಗಿಂತ ಕೊನೆಗೆ ಮಿಕಾ ಬಂದಳು. ಮಂಚದ ಪಕ್ಕ ಕೂತು ಕುರ್ಚಿಯ ಮೇಲಿದ್ದ ಅವರ ಕೋಟಿನ ಸಡಿಲವಾಗಿದ್ದ ಗುಂಡಿಯನ್ನು ನೋಡಿ, ಸೂಜಿ ತೆಗೆದು ಹೊಲಿಯತೊಡಗಿದಳು.

“ನಾಳೆಯಿಂದ ನನಗೆ ತಾರಸಿ ಹತ್ತೋ ಕೆಲಸ ಇರಲ್ಲ,” ಎಂದಳು ಹಲ್ಲಿನಲ್ಲಿ ದಾರ ಕಡಿದು. “ಆ ಹೊತ್ತಿನಲ್ಲಿ ಬಂದು ನಿಮ್ಮನ್ನ ನೋಡ್ಕೊಳ್ತೀನಿ. ಚೋಲೆಗೂ ಸ್ವಲ್ಪ ಬಿಡುವಾಗುತ್ತೆ.”

ಅಬುಂದಿಯೋ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡರು. ಕಾಯಿಲೆ ಉಲ್ಬಣಿಸಿತು ಎಂದು ಇನ್ನೊಂದು ಬಟ್ಟಲು ಸಾರು ಬಂತು.

ಶನಿವಾರ ಹನ್ನೆರಡಕ್ಕೆ ಲಾರಿಯ ಹಾರನ್ ಕೇಳಿಸಿತು. ತಾರಸಿಯ ಸುರುಳಿ ಮೆಟ್ಟಿಲಿನಿಂದ ಮಿಕಾ ಸುಲ್ತಾನನನ್ನು ಇಳಿಸಿಕೊಂಡು ಬರುತ್ತಿದ್ದಳು. ಅವನು ಒಂದೊಂದು ಮೆಟ್ಟಿಲಿಗೂ ನಿಂತು, ಕುಂಟುಗಾಲನ್ನು ಇಡಲೋ ಬೇಡವೋ ಎಂದು ಯೋಚಿಸುತ್ತಿದ್ದ. ಆಕೆಯ ಕಂಕುಳಲ್ಲಿ ಅವನ ಹಾಸುಬಟ್ಟೆ, ಕೈಯಲ್ಲಿ ಅವನ ತಗಡಿನ ತಟ್ಟೆ. ತಟ್ಟೆಯನ್ನು ಬೆಳ್ಳಿಯಂತೆ ಬೆಳಗಿದ್ದಳು. ಹೊಸ ಮಾಲೀಕನ ಮನೆಗೆ ಕೊಳಕು ತಟ್ಟೆ ಕಳಿಸಬಾರದಲ್ಲ.

“ನಿಲ್ಲಿ!”

ಪೈಜಾಮದ ಮೇಲೆ ಬಿಳಿ ಕೋಟು ತೊಟ್ಟ ಅಬುಂದಿಯೋ ಅಂಗಳದ ನಡುವೆ ನಿಂತಿದ್ದರು. ಚೋಲೆ ಹಿಂದಿನಿಂದ ಚಪ್ಪಲಿ ಹಿಡಿದು ಓಡಿಬಂದಳು.

“ನಾಯಿ ಏನೂ ಮಾಡಿಲ್ಲ. ಬೀದಿ ನಲ್ಲೀಲೂ ಅದೇ ಹಸಿರು ಇದೆ. ಗುರುವಾರವೇ ನೋಡಿದೆ. ಹೇಳೋ ಧೈರ್ಯ ಬರ್ಲಿಲ್ಲ. ಶೀಶೇಲಿ ಇದ್ದಿದ್ದೂ ನಲ್ಲಿ ನೀರೇ, ನನ್ನದಲ್ಲ. ನನಗೆ ಯಾವ ಕಾಯಿಲೆಯೂ ಇಲ್ಲ.” ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಮಿಕಾ ಹೊಲಿದಿದ್ದ ಗುಂಡಿ ಮಾತ್ರ ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. “ಮತ್ತೆ ನಾನು ಕೀಮಿಕೋನೂ ಅಲ್ಲ. ನಾನು ಸೈಕಲ್ ಮೇಲೆ ಶೀಶೆ ಸಾಗಿಸ್ತಿದ್ದವನು. ಮೂವತ್ತೊಂದು ವರ್ಷ.”

ರೆಮೆದಿಯೋಸ್ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

“ಅಷ್ಟೇನಾ?”

“ಅಷ್ಟೇ ಅಂದ್ರೆ?”

“ಅಲ್ರೀ, ನಿಮ್ಮ ಸೈಕಲ್ ಪೆಟ್ಟಿಗೆ ಮೇಲೆ ಅಂಗೈ ಅಗಲ ಅಕ್ಷರದಲ್ಲಿ ‘ಮೂತ್ರ ಮಾದರಿ ಸಾಗಣೆ’ ಅಂತ ಬರೆದಿತ್ತು. ದಿನಾ ಬೆಳಿಗ್ಗೆ ಗೇಟು ತೆಗೀತಿದ್ದವಳು ನಾನು. ನಮಗೇನು ಓದೋಕೆ ಬರಲ್ವಾ?”

“ಮೂವತ್ತೊಂದು ವರ್ಷ ಆ ಕೋಟು ಒಗೆದವಳು ನಾನು,” ಎಂದಳು ಚೋಲೆ. “ಒಂದು ದಿನಾನೂ ಔಷಧಿ ಕಲೆ ಕಂಡಿಲ್ಲ. ಬರೀ ಸೈಕಲ್ ಚೈನಿನ ಗ್ರೀಸು.”

“ಮತ್ತೆ ಎಲ್ಲರೂ ಕೀಮಿಕೋ, ಕೀಮಿಕೋ ಅಂತ ಯಾಕೆ...”

“ಹಾಗಂದಾಗ ನೀವು ಸೈಕಲ್ ಮೇಲೆ ನೆಟ್ಟಗೆ ಕೂತ್ಕೊಳ್ತಿದ್ರಿ,” ಎಂದಳು ಮಿಕಾ ಮೆಟ್ಟಿಲಿನಿಂದಲೇ. “ನೋಡೋಕೆ ಚೆನ್ನಾಗಿರ್ತಿತ್ತು.”

“ಹಂಗಾದ್ರೆ ನಾಲ್ಕು ಕಾಲು ಅಂದಾಗ ಯಾಕಮ್ಮಾ ನಂಬಿದ್ರಿ?”

“ಅಯ್ಯೋ, ಬೇರೆ ಏನು ಗೊತ್ತಿಲ್ದಿದ್ರೂ,” ಎಂದ ಲೆಂಚೋ, “ಮೂತ್ರದ ವಿಷಯದಲ್ಲಿ ನಿಮ್ಮ ಮಾತೇ ಪ್ರಮಾಣ ಅಂದ್ಕೊಂಡ್ವಿ!”

ಹೊರಗೆ ಲಾರಿಯವನು ಮತ್ತೆ ಹಾರನ್ ಒತ್ತಿದ. ಅದೇ ಸಮಯಕ್ಕೆ ಹೆಬ್ಬಾಗಿಲಿನಲ್ಲಿ ರಬ್ಬರ್ ಬೂಟು ತೊಟ್ಟ ಒಬ್ಬ ಹೆಂಗಸು ಕಾಣಿಸಿಕೊಂಡಳು. ನೀರಿನ ಕಚೇರಿಯ ಇಂಜಿನಿಯರು ಸಮೂದಿಯೋ. ಈಕೆ ನಿಜವಾದ ಇಂಜಿನಿಯರು. ಜೇಬಿನಲ್ಲಿ ಟೇಪು ಇರಲಿಲ್ಲ.

“ಇಲ್ಲಿ ಯಾರೋ ಗಂಜಿಗೆ ನಾಯಿ ಹಾಕಿ ಮಾರ್ತಾರೆ ಅಂತ ಏಳು ದೂರು ಬಂದಿದೆ,” ಎಂದಳು. “ಮೊದಲು ಹೇಳಿ, ಹೆಬ್ಬಾಗಿಲಿಗೆ ನಾವು ಅಂಟಿಸಿದ್ದ ನೋಟಿಸ್ ಎಲ್ಲಿ?”

ಯಾವ ನೋಟಿಸು ಎಂದು ಯಾರಿಗೂ ತಿಳಿಯಲಿಲ್ಲ. ಸಮೂದಿಯೋ ಹೆಬ್ಬಾಗಿಲಿಗೆ ಹಿಂದಿರುಗಿ, ಕೆಂಪಕ್ಷರದ ಹಾಳೆಯ ಒಂದು ಮೂಲೆ ಹಿಡಿದು ಪರ್ ಎಂದು ಕಿತ್ತಳು. ಅದರ ಅಡಿಯಲ್ಲಿ ಸರ್ಕಾರಿ ಕಾಗದವೊಂದು ಅಚ್ಚುಕಟ್ಟಾಗಿ ಕೂತಿತ್ತು. ರೆಮೆದಿಯೋಸ್ ಗಟ್ಟಿಯಾಗಿ ಓದಿದಳು: ದೂರದ ಪೈಪುಗಳಲ್ಲಿ ಕ್ಲೋರಿನ್ ಬಹಳ ದಿನ ಉಳಿಯಲೆಂದು ಈ ತಿಂಗಳಿನಿಂದ ಅದರ ಜೊತೆ ಅತಿ ಸ್ವಲ್ಪ ಅಮೋನಿಯಾ ಸೇರಿಸಲಾಗುತ್ತಿದೆ. ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ತೊಂದರೆಯಿಲ್ಲ. ಮನೆಯಲ್ಲಿ ಮೀನು ಸಾಕುವವರು ಮಾತ್ರ ದಯವಿಟ್ಟು ಗಮನಿಸುವುದು.

“ಇದನ್ನ ಮುಚ್ಚಿ ಅಂಟಿಸಿದ್ದು ಯಾರು?” ಎಂದಳು ಸಮೂದಿಯೋ.

ಎಲ್ಲರೂ ಅಬುಂದಿಯೋರನ್ನು ನೋಡಿದರು. ಸುಲ್ತಾನನೂ ನೋಡಿದ.

ಲಾರಿಯವನಿಗೆ ಒಂದು ಲೋಟ ಗಂಜಿ ಕುಡಿಸಿ ಬರಿಗೈಯಲ್ಲಿ ಕಳಿಸಿದರು. ಸಮೂದಿಯೋ ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಮೀನಿನ ತೊಟ್ಟಿ ನೋಡಿದಳು. ಅವಳ ಮನೆಯಲ್ಲೂ ಎರಡು ನರ್ತಕಿಯರಿದ್ದರಂತೆ.

“ಇದು ಬಿಸಿಲಲ್ಲಿಟ್ರೆ ಹಾರಿಹೋಗೋ ಜಾತಿ ಅಲ್ಲ. ಕ್ಲೋರಿನ್ ಜೊತೆ ಅಮೋನಿಯಾನೂ ಕಟ್ಟಿಹಾಕೋ ಹನಿ ಸಿಗುತ್ತೆ, ಅದನ್ನ ಹಾಕಿ. ಒಂದೇ ಸಲ ಅರ್ಧ ನೀರು ಬದಲಾಯಿಸ್ಬೇಡಿ, ಸ್ವಲ್ಪ ಸ್ವಲ್ಪ ಬದಲಾಯಿಸಿ. ಉಳಿದ ಅಮೋನಿಯಾನ ಫಿಲ್ಟರಿನ ಸ್ಪಂಜಲ್ಲಿರೋ ಸೂಕ್ಷ್ಮಜೀವಿಗಳೇ ತಿಂದುಬಿಡ್ತವೆ. ಸ್ಪಂಜು ಯಾಕೆ ಇಷ್ಟು ಬೆಳ್ಳಗಿದೆ?”

“ವಾರಕ್ಕೊಂದ್ಸಲ ಸೋಪು ಹಾಕಿ ಒಗೀತೀನಿ!” ಎಂದಳು ಚೋಲೆ ಹೆಮ್ಮೆಯಿಂದ. ಆಮೇಲೆ ಸಮೂದಿಯೋಳ ಮುಖ ನೋಡಿ, ಅಂದಿನ ಮಟ್ಟಿಗೆ ಗಂಡನನ್ನು ಬೈಯುವುದು ನಿಲ್ಲಿಸಿದಳು.

ಭಾನುವಾರ ಹೆಬ್ಬಾಗಿಲಿನ ಮೇಲೆ ಹೊಸದೊಂದು ಹಾಳೆ ಕಾಣಿಸಿತು. ‘ಸುಲ್ತಾನ್ ನಿರಪರಾಧಿ’ ಎಂದು ಅದರಲ್ಲಿತ್ತು. ರುಜು ಬರೀ ‘ಅಬುಂದಿಯೋ’. ಅಂಟಿಸುವ ಮೊದಲು ಕೆಳಗೆ ಏನಾದರೂ ಇದೆಯೇ ಎಂದು ಅವರು ಮೂರು ಸಲ ನೋಡಿದ್ದರು. ಯಾರೋ ಆ ರುಜುವಿನ ಎಡಗಡೆ, ಹೊಲಿಗೆಯವರು ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ‘ಕೀಮಿಕೋ’ ಎಂದು ಸೇರಿಸಿದ್ದರು. ಅಬುಂದಿಯೋ ಅದನ್ನು ಅಳಿಸಲಿಲ್ಲ. ಮೂವರು ನರ್ತಕಿಯರೂ ಬದುಕಿದರು. ಲೆಂಚೋನ ವ್ಯಾಪಾರ ಮಾತ್ರ ಇಳಿಯಿತು; ಗಂಜಿ ಮೊದಲಿನ ರುಚಿ ಇಲ್ಲ ಎಂದು ಬಸ್ ಡ್ರೈವರು ಮುಖ ಸಿಂಡರಿಸಿದ.

ಮೇ ತಿಂಗಳ ಒಂದು ಮಧ್ಯಾಹ್ನ ಸುಲ್ತಾನನಿಗೆ ಕುಡಿಯುವ ನೀರು ಇಡಲೆಂದು ಅಬುಂದಿಯೋ ತಾರಸಿಗೆ ಹೋದರು. ಈಗ ಅದು ಅವರ ಕೆಲಸ. ಮಿಕಾಳ ಮಂಡಿಗೆ ಮೆಟ್ಟಿಲು ಆಗುತ್ತಿರಲಿಲ್ಲ. ಅವರ ಬಿಳಿ ಕೋಟನ್ನು ಮಿಕಾ ತಾನಾಗಿ ಒಗೆದು, ಗಂಜಿ ಹಾಕಿ, ತಾರಸಿಯ ಹಗ್ಗದ ಮೇಲೆ ಚೋಲೆಯಿಂದ ಒಣಹಾಕಿಸಿದ್ದಳು. ಅದರ ಅಂಚು ನೆಲ ಮುಟ್ಟುತ್ತಿತ್ತು. ಸುಲ್ತಾನ್ ಬಾಲ ಅಲ್ಲಾಡಿಸಿದ. ತಟ್ಟೆಯ ನೀರು ಪೂರ್ತಿ ಕುಡಿದ. ಗ್ಯಾಸ್ ಸಿಲಿಂಡರಿನ ಕಡೆ ಎರಡು ಹೆಜ್ಜೆ ಹೋದವನು ಏನೋ ನೆನಪಾದಂತೆ ಹಿಂದಿರುಗಿ, ಅಬುಂದಿಯೋರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಲೇ, ಆ ಕೋಟಿನ ಅಂಚಿಗೆ ನಿಧಾನವಾಗಿ ಕುಂಟುಗಾಲೆತ್ತಿದ.

ಅಬುಂದಿಯೋ ಸುತ್ತಲೂ ನೋಡಿದರು. ಯಾರೂ ಇರಲಿಲ್ಲ. ಕೋಟನ್ನು ಇಳಿಸಿ, ಅಂಚನ್ನು ಅಲ್ಲೇ ಜಾಲಿಸಿ ಹಿಂಡಿ, ಮತ್ತೆ ಹಗ್ಗಕ್ಕೆ, ಈ ಸಲ ಸ್ವಲ್ಪ ಎತ್ತರಕ್ಕೆ, ಹಾಕಿದರು. ನಳಿಕೆ ಅವರ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ.